ಹೊಳೆ ಇಳಿದರೆ ಏರುವವನು

ಕಳೆದ ತಿಂಗಳು ಊರಿಗೆ ಹೋಗಲೆಂದು ಭಟ್ಕಳದಲ್ಲಿ ಕುಮಟಾ ಬಸ್ಸು ಹತ್ತಿದ್ದೆ. ಮಂಕಿಯಲ್ಲಿ ಒಬ್ಬ ತರುಣ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತ. ಮೊಣಕಾಲಿನವರೆಗಿನ ಚಡ್ಡಿ, ಲೇಸಿಗೆ ಲೇಸು ಗಂಟು ಹಾಕಿ ಕುತ್ತಿಗೆಗೆ ತೂಗಿಬಿಟ್ಟ ಬೂಟುಗಳು. ಕೂತವನೇ ಚೀಲದಿಂದ ನೋವಿನ ಎಣ್ಣೆಯ ಬಾಟಲಿ ತೆಗೆದು ಮೀನಖಂಡಕ್ಕೆ ತಿಕ್ಕತೊಡಗಿದ. ಬಸ್ಸಿನ ತುಂಬ ಆ ಘಾಟು ಹರಡಿತು. ನನ್ನ ಪಕ್ಕದ ಹೆಂಗಸು ಗೊಣಗುತ್ತ ಕಿಟಕಿ ಸರಿಸಿದಳು. ನಾನು ಮಾತ್ರ ಮುಂದಕ್ಕೆ ಬಾಗಿ ಆ ಘಾಟನ್ನು ಎಳೆದುಕೊಂಡೆ. ಆ ವಾಸನೆಯನ್ನು ಮೈಗೆ ಮೆತ್ತಿಕೊಂಡೇ ಓಡಾಡುತ್ತಿದ್ದವನೊಬ್ಬ ನಮ್ಮ ಪಕ್ಕದ ಮನೆಯಲ್ಲಿದ್ದ. ಮೂರು ತಿಂಗಳ ಹಿಂದೆಯಷ್ಟೇ ಅವನು ತೀರಿಹೋದ ಸುದ್ದಿ ಬಂದಿತ್ತು...

ನನ್ನ ತವರು ತದಡಿಯ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಮೈ ಅಗಲಿಸಿಕೊಳ್ಳುವಲ್ಲಿ. ಮದುವೆಗೆ ಮುಂಚೆ ಮನೆಯ ಜಗಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಕೇರಿಯ ಫುಟ್ಬಾಲ್ ತಂಡದ ಅಂಗಿಗಳಿಗೆ ಬೆನ್ನಿನ ನಂಬರು ಹಚ್ಚುವ ಕೆಲಸವೂ ನನ್ನದೇ. ಹೆಂಗಸಿಗೆ ಎಂತಹ ಫುಟ್ಬಾಲು ಎಂದು ನಗುವವರಿದ್ದರು. ನಗಲಿ. ಮೈದಾನದ ಬದುವಿನ ಮೇಲೆ ಕೂತು ಗಂಟಲು ಹರಿಯುವಂತೆ ಕೂಗುವುದರಲ್ಲಿ ನಾನು ಯಾವ ಗಂಡಸಿಗೂ ಕಡಿಮೆ ಇರಲಿಲ್ಲ.

ಪಕ್ಕದ ಮನೆಯವನು ನನಗಿಂತ ಐದಾರು ವರ್ಷಕ್ಕೆ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ, ನಾನು ತಮಾ ಎನ್ನುತ್ತಿದ್ದೆ. ಅಪ್ಪ ಇಲ್ಲ, ಆಯಿ ಎಂದು ಕರೆಯುತ್ತಿದ್ದ ದಮ್ಮಿನ ಕಾಯಿಲೆಯ ಅಮ್ಮ ಒಬ್ಬಳೇ. ಅವನ ಎಡಗಾಲಿನ ಬಗ್ಗೆ ಎಂತ ಹೇಳಲಿ... ಚೆಂಡು ಅವನ ಕಾಲಿಗೆ ಬಂದರೆ ಸಾಕಿದ ಬೆಕ್ಕಿನ ಹಾಗೆ ಅಲ್ಲೇ ಮೈ ತಿಕ್ಕಿಕೊಂಡು ನಿಲ್ಲುತ್ತಿತ್ತು. ಎದುರಿಗೆ ಮೂವರು ಬಂದರೂ ಅವಸರವಿಲ್ಲ. ಒಮ್ಮೆ ಸೊಂಟ ಬಳುಕಿಸಿದನೆಂದರೆ ಮೂವರೂ ತಪ್ಪು ದಿಕ್ಕಿಗೆ ಓಡುತ್ತಿದ್ದರು. ಹೊನ್ನಾವರದವರ ಮೇಲೆ ಒಮ್ಮೆ ಮೈದಾನದ ನಡುವಿನಿಂದ ಎತ್ತಿ ಹೊಡೆದ ಗೋಲನ್ನು ನೋಡಿ ಅವರ ಕಡೆಯ ಮುದುಕರೊಬ್ಬರು ಒಳಗೆ ಓಡಿಬಂದು ಅವನ ಕಾಲು ಮುಟ್ಟಿ ನೋಡಿದ್ದರು.

ಇದು ಅವನು ಆಡಿದ ದಿನದ ಮಾತು. ಆಡದ ದಿನದ ಮಾತು ಬೇರೆ. ಅದೇ ಮನುಷ್ಯ, ಅದೇ ಕಾಲು. ಚೆಂಡು ಎದುರಿಗೆ ಉರುಳಿ ಹೋಗುತ್ತಿದ್ದರೂ ನೋಡುತ್ತ ನಿಲ್ಲುತ್ತಿದ್ದ. ಓಡು ಎಂದರೆ ಓಡುತ್ತಿರಲಿಲ್ಲ, ಬೈದರೆ ತಿರುಗಿ ನೋಡುತ್ತಿರಲಿಲ್ಲ. ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದು, ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ ನಿಂತುಬಿಡುತ್ತಿದ್ದ. ಆಗ ನೋಡಬೇಕಿತ್ತು ನಮ್ಮ ಜನರನ್ನು. ಹಿಂದಿನ ಪಂದ್ಯಕ್ಕೆ ಹೆಗಲ ಮೇಲೆ ಹೊತ್ತು ಕುಣಿದವರೇ ಅವನ ಹುಟ್ಟು ಜಾತಕ ಜಾಲಾಡುತ್ತಿದ್ದರು. ಸೊಕ್ಕು ಎನ್ನುವವನೊಬ್ಬ, ಎದುರಾಳಿಯ ಹತ್ತಿರ ದುಡ್ಡು ತಿಂದಿದ್ದಾನೆ ಎನ್ನುವವನೊಬ್ಬ, ಯಾರೋ ಕಣ್ಣು ಹಾಕಿದ್ದಾರೆ ಎನ್ನುವವನೊಬ್ಬ. ಇನ್ನು ಮೇಲೆ ಇವನ ಅಂಗಿಗೆ ನಂಬರು ಹಚ್ಚಿದರೆ ಕೇಳಿ ಎಂದು ನಾನೂ ಎಷ್ಟೋ ಸಲ ಶಪಥ ಮಾಡಿದ್ದೆ. ಮರುವಾರ ಹಚ್ಚಿಕೊಡುತ್ತಿದ್ದೆ.

ನಮ್ಮ ತಂಡದಲ್ಲೇ ಹಿಂದಿನ ಸಾಲಿಗೆ ಒಬ್ಬ ಆಡುತ್ತಿದ್ದ. ಒಂದು ದಿನವೂ ತಪ್ಪದೆ ಬಂದು, ಒಂದೂ ತಪ್ಪು ಮಾಡದೆ ಆಡಿ, ಸೈಕಲ್ ಹತ್ತಿ ಮನೆಗೆ ಹೋಗುತ್ತಿದ್ದ. ಅವನನ್ನು ಯಾರೂ ಬೈದದ್ದಿಲ್ಲ, ಯಾರೂ ಹೊತ್ತದ್ದೂ ಇಲ್ಲ. ಅವನ ಮುಖ ನೆನಪು ಮಾಡಿಕೊಳ್ಳಲು ಈಗ ನನಗೆ ಕಷ್ಟವಾಗುತ್ತದೆ. ಜನಕ್ಕೆ ಬೇಕಾದದ್ದು ಅವನಲ್ಲ, ಪಕ್ಕದ ಮನೆಯ ಇವನೇ. ಬರುತ್ತಾನೋ ಇಲ್ಲವೋ, ಆಡುತ್ತಾನೋ ಇಲ್ಲವೋ ಎಂದು ಎದೆ ಹಿಡಿದುಕೊಂಡು ಕೂರುವುದರಲ್ಲೇ ನಮಗೊಂದು ಸುಖವಿತ್ತು.

ಇವನ ಈ ಗುಟ್ಟನ್ನು ಕಂಡುಹಿಡಿದೆನೆಂದು ಹೇಳಿಕೊಂಡವರು ಐಸ್ ಫ್ಯಾಕ್ಟರಿ ಮಾವ. ತದಡಿ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು ಕೇರಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ತಂಡದ ಯಜಮಾನಿಕೆ ಅವರದೇ. ಮಕ್ಕಳಿಲ್ಲದ ಮಾವ ಇವನನ್ನು ಮಗನಿಗಿಂತ ಹೆಚ್ಚು ಹಚ್ಚಿಕೊಂಡಿದ್ದರು. ಒಂದು ಸಲ ಸೋತು ಬಂದ ಸಂಜೆ ನಮ್ಮ ಜಗಲಿಯಲ್ಲಿ ಕೂತು, ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕಿ, ತೊಡೆ ತಟ್ಟಿ ಎದ್ದರು.

"ಅಂವ ಹೊಳೆ ನೋಡ್ಕಂಡ್ ಆಡ್ತಾ ಮಾರಾಯ್ರೇ! ಭರ್ತಿ ಇದ್ರೆ ಆಡೂದಿಲ್ಲ. ಹೊಳೆ ಇಳಿದ್ರೆ ಅಂವ ಏರ್ತಾ!"

ಭರ್ತಿ ಎಂದರೆ ಉಬ್ಬರ. ಹೊಳೆದಂಡೆಯವರಿಗೆ ಉಬ್ಬರ ಇಳಿತದ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಹುಣ್ಣಿಮೆ ಅಮಾವಾಸ್ಯೆಯ ಆಜುಬಾಜು ಸಂಜೆಯ ಹೊತ್ತಿಗೆ ನೀರು ಇಳಿದಿರುತ್ತದೆ. ಅಷ್ಟಮಿ ನವಮಿಗೆ ಸಂಜೆ ಹೊಳೆ ತುಂಬಿರುತ್ತದೆ. ಪಂದ್ಯಗಳೆಲ್ಲ ಸಂಜೆಗೇ. ಹಳೆಯ ಪಂದ್ಯಗಳನ್ನು ಒಂದೊಂದಾಗಿ ನೆನಪು ಮಾಡಿ ತಿಥಿ ಕೂಡಿಸಿ ನೋಡಿದರೆ ಮಾವನ ಮಾತು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಂದಿನಿಂದ ಅವನು ಹುಣ್ಣಿಮೆ ಆಟಗಾರನಾದ. ಕಾಲು ಏಳದ ದಿನ ಬದುವಿನ ಮೇಲಿಂದ "ಅಷ್ಟಮೀ... ಅಷ್ಟಮೀ..." ಎಂದು ರಾಗ ಎಳೆಯುತ್ತಿದ್ದರು. ಅವನು ಹೊಳೆಯ ಮಗ, ಗಂಗೆಯ ಒಡಂಬಡಿಕೆ ಇದೆ ಎಂದೆಲ್ಲ ಕತೆ ಬೆಳೆಯಿತು. ಕೇಳಿದರೆ ಅವನು ನಗುತ್ತಿದ್ದ, ಅಷ್ಟೇ.

ಆ ವರ್ಷ ನಮ್ಮೂರ ಮೈದಾನದಲ್ಲೇ ಪಂದ್ಯಾವಳಿ. ಮಂಕಿಯವರು, ಹೊನ್ನಾವರದವರು ಎಲ್ಲ ಬಂದಿದ್ದರು. ಸೆಮಿಫೈನಲ್ಲು ಅಮಾವಾಸ್ಯೆಯ ಮಾರನೆಯ ದಿನ ಬಿತ್ತು. ಅಂದು ಅವನು ಆಡಿದ ಆಟವನ್ನು ನೋಡಿದವರು ಪುಣ್ಯವಂತರು. ಫೈನಲ್ಲಿಗೆ ಎದುರು ಬಂದವರು ಭಟ್ಕಳದವರು. ಆ ಪಂದ್ಯಕ್ಕೆ ಗೋವಾದ ಒಂದು ಕ್ಲಬ್ಬಿನಿಂದ ಇಬ್ಬರು ಬರುತ್ತಾರೆ, ಇವನನ್ನು ನೋಡಲಿಕ್ಕೇ ಬರುತ್ತಾರೆ ಎಂದು ಮಾವ ಸುದ್ದಿ ತಂದರು. ಒಪ್ಪಿಗೆಯಾದರೆ ಸಂಬಳ, ಇರಲು ಕೋಣೆ.

ಅಂಗಿ ಸರಿಮಾಡಿಸಲು ಬಂದವನು ನನ್ನ ಯಂತ್ರದ ಪಕ್ಕ ಕೂತು ನೂಲಿನ ಉಂಡೆ ಉರುಳಿಸುತ್ತಿದ್ದ. ಆಮೇಲೆ ಹೇಳಿದ, "ಸಿಕ್ರೆ ಆಯಿನ ಕರ್ಕಂಡೇ ಹೋಗ್ತೆ ಅಕ್ಕ. ಅಲ್ಲಿ ದೊಡ್ಡ ಆಸ್ಪತ್ರೆ ಅದೆ. ಈ ಹೊಳೆ ಗಾಳಿ ಅದ್ಕೆ ಆಗೂದಿಲ್ಲ." ಅವನ ಬಾಯಲ್ಲಿ ಆಸೆಯ ಮಾತು ಕೇಳಿದ್ದು ಅದೇ ಮೊದಲು. ಆಯಿಗೆ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ಚೆಂಡಿನ ಹುಚ್ಚಿಗೆ ಬಿದ್ದು ಬೋಟಿನ ಕೆಲಸ ತಪ್ಪಿಸಿ ತಪ್ಪಿಸಿ ಮಾಲೀಕನಿಂದ ಹೊರಗೆ ಹಾಕಿಸಿಕೊಂಡವನು ಅವನು. ಅಂದಿನಿಂದ ಮನೆಯಲ್ಲಿ ಆಟದ ಹೆಸರೆತ್ತಿದರೆ ಆಯಿ ಕೆಂಡವಾಗುತ್ತಿದ್ದಳು. ಈಗ ಹೊಳೆಯಾಚೆ ಗಾರೆ ಕೆಲಸಕ್ಕೆ ಹೋಗುತ್ತೇನೆ ಎಂದು ನಮಗೆಲ್ಲ ಹೇಳಿದ್ದ. ನಾವು ನಂಬಿದ್ದೆವು.

ಫೈನಲ್ಲು ಬಿದ್ದದ್ದು ಅಷ್ಟಮಿಗೆ.

ಕೇರಿಯೇ ಕಂಗಾಲಾಯಿತು. ದೇವರಿಗೆ ಹಣ್ಣುಕಾಯಿ ಹೋಯಿತು, ಹರಕೆ ಹೊತ್ತದ್ದಾಯಿತು. ಮಾವ ಊಟ ಬಿಟ್ಟರು. ದಿನ ಮುಂದೆ ಹಾಕಿ ಎಂದು ಕೇಳಿದರೆ ಭಟ್ಕಳದವರು ಒಪ್ಪಲಿಲ್ಲ. ಕೊನೆಗೆ ಮಾವನಿಗೇ ಹೊಳೆಯಿತು. ಅಷ್ಟಮಿಗೆ ಸಂಜೆ ಭರ್ತಿ ಹೌದು, ಆದರೆ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಇಳಿತವಲ್ಲವೇ! ಪಂದ್ಯವನ್ನೇ ಬೆಳಿಗ್ಗೆಗೆ ಇಟ್ಟುಬಿಟ್ಟರೆ? ಭಟ್ಕಳದವರ ಕಾಲು ಹಿಡಿಯುವುದೊಂದು ಬಾಕಿ. ಬೇಗ ಮುಗಿಸಿ ಹಗಲಲ್ಲೇ ಊರು ಸೇರಬಹುದೆಂದು ಅವರೂ ಹೂಂ ಎಂದರು. ಮಾವ ಕೇರಿಯ ತುಂಬ ಬೆಲ್ಲ ಹಂಚಿದರು. ಹೊಳೆಯ ಲೆಕ್ಕವನ್ನೇ ಗೆದ್ದ ಹಾಗೆ ನಾವೆಲ್ಲ ಬೀಗಿದೆವು.

ಸುದ್ದಿ ಕೇಳಿ ಅವನು ನಮ್ಮ ಜಗಲಿಗೆ ಬಂದ. ಮುಖ ಬಿಳಿಚಿತ್ತು. "ಸಂಜೆಗೇ ಇಟ್ಟಿದ್ರೆ ಆಗ್ತಿತ್ತಲ್ಲೆ ಅಕ್ಕ... ಹೆಂಗಾರೂ ಆಡ್ತಿದ್ದೆ" ಎಂದ. ನನಗೆ ಕೋಪ ನೆತ್ತಿಗೇರಿತು. ನಿನ್ನ ಸಲುವಾಗಿ ಅಷ್ಟು ಜನ ಅಷ್ಟು ಒದ್ದಾಡಿದರೆ ನಿನ್ನದು ಇದೊಂದು ರಾಗವೇ ಎಂದು ರೇಗಿದೆ. ಆತು ಎಂದು ಎದ್ದು ಹೋದ.

ಆ ಬೆಳಿಗ್ಗೆ ಬದುವಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಗೋವಾದವರಿಗೆ ಕುರ್ಚಿ ಹಾಕಿ ಎಳನೀರು ಕೊಟ್ಟಿದ್ದರು. ಎರಡೂ ತಂಡಗಳು ಇಳಿದವು. ಅವನಿಲ್ಲ. ಮನೆಗೆ ಓಡಿದವರಿಗೆ ಆಯಿ, ಕೆಲಸಕ್ಕೆ ಹೋದ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳಂತೆ. ಇಂಥ ದಿನ ಎಂಥ ಕೆಲಸ? ನಮ್ಮವರು ಒಬ್ಬ ಕಡಿಮೆಯಲ್ಲೇ ಆಟ ಶುರುಮಾಡಿದರು. ಊರಿಗೆ ಊರೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರಸ್ತೆ ನೋಡುತ್ತಿತ್ತು. ನಮ್ಮ ಬೆನ್ನ ಹಿಂದೆ ಹೊಳೆ. ನೀರು ಇಳಿದ ಆಚೆ ದಡದಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಎದೆಮಟ್ಟ ನೀರಿನಲ್ಲಿ ಮುಳುಗಿ ಏಳುವ ಹೆಂಗಸರ ಸಾಲು. ದಿನಾ ಇರುವ ಸಾಲು. ಅದನ್ನು ಯಾರು ನೋಡುತ್ತಾರೆ?

ಅರ್ಧ ಆಟ ಮುಗಿಯುವಾಗ ಭಟ್ಕಳದವರು ಒಂದು ಗೋಲು ಮುಂದಿದ್ದರು. ಗೋವಾದವರು ಗಡಿಯಾರ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಎದ್ದು ಜೀಪು ಹತ್ತಿದರು. ಮಾವ ಜೀಪಿನ ಬಾಗಿಲು ಹಿಡಿದುಕೊಂಡು ಸ್ವಲ್ಪ ದೂರ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಮುದುಕನ ಪಂಚೆ ಬಿಚ್ಚಿ ಧೂಳಿನಲ್ಲಿ ಎಳೆಯುತ್ತಿತ್ತು... ಇವತ್ತಿಗೂ ಅದು ಕಣ್ಣಿಗೆ ಕಟ್ಟುತ್ತದೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಹೊಳೆದಂಡೆಯ ಉಪ್ಪುನೀರಲ್ಲಿ ದಟ್ಟವಾಗಿ ಬೆಳೆಯುವ ಕಾಂಡ್ಲಾ ಗಿಡಗಳ ತಿರುವಿನಿಂದ ಅವನು ಓಡಿ ಬಂದ. ನಾನು ನಂಬರು ಹಚ್ಚಿದ ಅಂಗಿ ಮೈಮೇಲಿತ್ತು. ತಲೆಯಿಂದ ಕಾಲಿನವರೆಗೆ ಒದ್ದೆ. ಜನ ಬೈಯುವುದೋ ಕುಣಿಯುವುದೋ ತಿಳಿಯದೆ ಒಮ್ಮೆಲೇ ಹೋ ಎಂದರು. ಮಾವ ಒಂದು ಮಾತೂ ಕೇಳದೆ ಅವನನ್ನು ಒಳಗೆ ತಳ್ಳಿದರು. ಮೊದಲ ಚೆಂಡಿಗೇ ಇಬ್ಬರನ್ನು ದಾಟಿದ. ಅವನು ಕೊಟ್ಟ ಪಾಸಿನಿಂದ ನಮ್ಮವರು ಗೋಲು ಸಮ ಮಾಡಿದರು. ದೇವರೇ, ಆ ಕೂಗು! ಆಮೇಲೆ ಕೊನೆಯ ಹೊತ್ತಿಗೆ ಚೆಂಡು ಮತ್ತೆ ಅವನಿಗೇ ಬಂತು. ಎದುರಿಗೆ ಗೋಲಿ ಕೂಡ ಬಿದ್ದುಬಿಟ್ಟಿದ್ದ. ಬಲೆಯೊಂದೇ. ಅವನು ಎಡಗಾಲು ಎತ್ತಲು ಹೋದ... ಕಾಲು ಏಳಲಿಲ್ಲ. ಮೀನಖಂಡ ಸೆಳೆದುಕೊಂಡು ಕಲ್ಲಾಯಿತು. ಅಲ್ಲೇ ಕುಸಿದ. ಚೆಂಡು ತಾನಾಗಿ ಉರುಳಿ ಹೊರಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೆನಾಲ್ಟಿಯಲ್ಲಿ ಸೋತೆವು.

ಯಾರೋ ಚಪ್ಪಲಿ ಎಸೆದರು. ಅದು ಅವನ ಬೆನ್ನಿಗೆ ಬಿತ್ತು. "ಕುಡ್ದು ಹೊಳೆಲಿ ಬಿದ್ದಿದ್ದ, ಈಗ ಎಚ್ರ ಆಗಿ ಬಂದ" ಎಂದು ಒಬ್ಬ ಕೂಗಿದ. ಅಷ್ಟು ಸಾಕಾಯಿತು. ಒದ್ದೆ ಅಂಗಿ, ನಿಲ್ಲಲಾರದ ಕಾಲು, ಕೆಂಪು ಕಣ್ಣು, ಎಲ್ಲದಕ್ಕೂ ಅದೇ ಉತ್ತರವಾಯಿತು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಚಪ್ಪಲಿಯನ್ನು ಎತ್ತಿ ಬದುವಿನ ಮೇಲಿಟ್ಟು ಕುಂಟುತ್ತ ಹೋದ. ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ.

ಕೆಲವು ದಿನ ಬಿಟ್ಟು ಬಳಚಿನ ದೋಣಿಯ ಹಿರಿಯಳೊಬ್ಬಳು ರವಿಕೆ ಬಟ್ಟೆ ತಂದಳು. ಬಳಚು ಎಂದರೆ ನಮ್ಮ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ, ಸಾರಿಗೆ ರುಚಿ. ಅದನ್ನು ಹೆಕ್ಕುವುದು ನಮ್ಮ ಕೇರಿಯಲ್ಲಿ ಹೆಂಗಸರ ಕೆಲಸ. ನೀರು ಇಳಿದಾಗ ದೋಣಿಯಲ್ಲಿ ಆಚೆ ಹೋಗಿ, ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಕೈಯಿಂದ ಎತ್ತುತ್ತಾರೆ. ದೋಣಿಯಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಜಾಗ. ಹೋಗದೆ ಬಿಟ್ಟರೆ ಆ ಜಾಗದಲ್ಲಿ ಬೇರೆಯವಳು ಕೂರುತ್ತಾಳೆ. ಅಳತೆ ಕೊಡುತ್ತ ನಿಂತವಳು ಇದ್ದಕ್ಕಿದ್ದಂತೆ ನನ್ನನ್ನೇ ಕೇಳಿದಳು.

"ಅಷ್ಟಮಿ ಅಷ್ಟಮಿ ಅಂತ ಕೂಗ್ತಿದ್ರಲ್ಲ. ಅಷ್ಟಮಿಗೆ ಬಳಚಿನ ದೋಣಿ ಎಷ್ಟೊತ್ತಿಗೆ ಹೋಗ್ತದೆ, ಹೇಳು ನೋಡ್ವಾ? ಮುಂಜಾನೆಂದ ನೀರಲ್ಲಿ ನಿತ್ತಂವ ಸಂಜೆಗೆ ಎಂತ ಓಡ್ತಾ?"

ನನ್ನ ಕೈಯ ಟೇಪು ಕೆಳಗೆ ಬಿತ್ತು.

ಆಯಿಗೆ ದಮ್ಮು ಹೆಚ್ಚಾದ ದಿನದಿಂದ ಅವಳ ಜಾಗದಲ್ಲಿ ಅವನೇ ಹೋಗುತ್ತಿದ್ದನಂತೆ. ಗಂಡಸು ಹೆಂಗಸರ ಸಂಗಡ ಬಳಚು ಹೆಕ್ಕುತ್ತಾನೆಂದು ಯಾರಿಗೂ ತಿಳಿಯಬಾರದೆಂದು ಅವರಿಂದ ಆಣೆ ಹಾಕಿಸಿಕೊಂಡಿದ್ದ. ಹುಣ್ಣಿಮೆ ಅಮಾವಾಸ್ಯೆಗೆ ಇಳಿತ ಬೆಳಕು ಹರಿಯುವ ಮುಂಚೆಯೇ ಬಂದುಹೋಗುತ್ತದೆ. ಹೆಕ್ಕಿ ಬಂದು ಮಲಗಿ ಎದ್ದರೆ ಸಂಜೆಗೆ ಕಾಲು ಹಗುರ. ಅಷ್ಟಮಿಗೆ ಹಾಗಲ್ಲ. ಮಧ್ಯಾಹ್ನದವರೆಗೆ ತಣ್ಣೀರಿನಲ್ಲಿ ನಿಂತು, ಬುಟ್ಟಿ ಹೊತ್ತು, ಎಣ್ಣೆ ತಿಕ್ಕಿಕೊಂಡು ನೇರ ಮೈದಾನಕ್ಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹೊಳೆಯ ಲೆಕ್ಕ ಅಷ್ಟು ಬಲ್ಲ ನಮಗೆ ಇಳಿತದ ಹೊತ್ತಿಗೆ ಹೊಳೆಯಲ್ಲಿ ಯಾರಿರುತ್ತಾರೆ ಎಂಬುದೇ ತಲೆಗೆ ಹೋಗಲಿಲ್ಲ. ಹೆಂಗಸರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ತಿಳಿಯುತ್ತಿತ್ತೇನೋ. ಫುಟ್ಬಾಲಿನ ವಿಷಯ ಅವರನ್ನು ಯಾರು ಕೇಳುತ್ತಾರೆ?

ಫೈನಲ್ಲಿನ ದಿನ ಅವನು ಹೊಳೆಗೆ ಹೋಗುವವನಿರಲಿಲ್ಲ. ಅಂಗಿ ತೊಟ್ಟು ತಯಾರಾಗಿದ್ದ. ಅದನ್ನು ಕಂಡ ಆಯಿ, ಜಾಗ ಬಿಡೂದಿಲ್ಲ, ನೀ ಹೋಗ್ದಿದ್ರೆ ನಾ ಹೋಗ್ತೆ ಎಂದು ಉಬ್ಬಸಪಡುತ್ತಲೇ ಬುಟ್ಟಿ ಎತ್ತಿಕೊಂಡು ದೋಣಿಯ ಕಡೆ ನಡೆದಳಂತೆ. ಅವಳು ನೀರಿಗಿಳಿದರೆ ಏಳುವವಳಲ್ಲ. ಇವನು ಹಿಂದೆ ಓಡಿ ಬುಟ್ಟಿ ಕಿತ್ತುಕೊಂಡು, ತೊಟ್ಟ ಅಂಗಿಯಲ್ಲೇ ದೋಣಿ ಹತ್ತಿದ. ಆಚೆ ದಡಕ್ಕೆ ನಮ್ಮ ಮೈದಾನದ ಕೂಗು ಕೇಳುತ್ತಿತ್ತಂತೆ. ಒಂದೊಂದು ಕೂಗಿಗೂ ಅವನು ತಲೆ ಎತ್ತಿ ನೋಡಿ ಮತ್ತೆ ಮುಳುಗುತ್ತಿದ್ದನಂತೆ. ನೋಡಲಾರದೆ ಹೆಂಗಸರೆಲ್ಲ ತಮ್ಮ ತಮ್ಮ ಬುಟ್ಟಿಯಿಂದ ಒಂದೊಂದು ಬೊಗಸೆ ಅವನ ಬುಟ್ಟಿಗೆ ಹಾಕಿ ತುಂಬಿಸಿ, ದೋಣಿ ತಿರುಗಿಸಿ, ಕಾಂಡ್ಲಾ ಗಿಡದ ಮರೆಯಲ್ಲಿ ಇಳಿಸಿ ಕಳಿಸಿದರು.

ಆ ಸಂಜೆಯೇ ಪಕ್ಕದ ಮನೆಗೆ ಹೋದೆ. ಹೊಸ್ತಿಲ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಇಡೀ ಕೇರಿಗೆ ಸಾರುತ್ತೇನೆ, ಮಾವನ ಎದುರು ನಿಲ್ಲಿಸಿ ಹೇಳುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ.

"ಬೇಡ ಅಕ್ಕ. ಈಗ ಬೈತ್ರು. ಗೊತ್ತಾದ್ರೆ ಪಾಪ ಅಂತ್ರು. ಬೈಸ್ಕಳೂಕೆ ಆಗ್ತದೆ, ಪಾಪ ಅನ್ಸ್ಕಳೂಕೆ ಆಗೂದಿಲ್ಲ. ನಾ ಇರೂ ತನ್ಕ ಹೇಳ್ಬೇಡ."

ಮುಂದಿನ ಮಳೆಗಾಲದಲ್ಲಿ ಆಯಿ ಹೋದಳು. ಅವನು ಮಲ್ಪೆಯ ಬೋಟಿಗೆ ಸೇರಿ ಊರು ಬಿಟ್ಟ. ನಾನು ಮದುವೆಯಾಗಿ ಭಟ್ಕಳಕ್ಕೆ ಬಂದೆ. ಊರಿಗೆ ಹೋದಾಗಲೆಲ್ಲ ಅವನ ಕತೆ ಕಿವಿಗೆ ಬೀಳುತ್ತಿತ್ತು. ದೇವರು ಕೊಟ್ಟ ಕಾಲನ್ನು ಕುಡಿದು ಹಾಳುಮಾಡಿಕೊಂಡ ಎಂದು ಹೊಸ ಹುಡುಗರಿಗೆ ಬುದ್ಧಿ ಹೇಳುವಾಗ ಅವನ ಹೆಸರು ಬಳಸುತ್ತಿದ್ದರು. ಒಂದು ತೊಟ್ಟು ಮುಟ್ಟದವನ ಹೆಸರು. ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. ಆಮೇಲೆ ಬೋಟಿನಲ್ಲೇ ಎದೆ ನೋವು ಬಂದು ಹೋದ ಎಂಬ ಸುದ್ದಿ ಬಂತು...

ಅವನು ಇರುವ ತನಕ ಅಂದಿದ್ದ. ಈಗ ಅವನಿಲ್ಲ. ಮಾತು ಮುಗಿಯಿತು. ಆ ದಿನ ಬಸ್ಸು ಹತ್ತಿದ್ದೇ ಅದಕ್ಕೆ. ಕುಮಟೆಯಲ್ಲಿ ಇಳಿದು ತದಡಿ ಬಸ್ಸು ಹಿಡಿದು ನೇರ ಐಸ್ ಫ್ಯಾಕ್ಟರಿ ಮಾವನ ಮನೆಗೆ ಹೋದೆ. ಮಾವ ಮಂಚ ಹಿಡಿದಿದ್ದರು. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ನನ್ನನ್ನು ಗುರುತು ಹಿಡಿದು ಅವನ ಮಾತನ್ನೇ ತೆಗೆದರು. ಕಣ್ಣಲ್ಲಿ ನೀರಿತ್ತು.

"ಅಂಥ ಕಾಲು ಮತ್ತೆ ಹುಟ್ಟೂದಿಲ್ಲ ಮಗಾ. ಅಂವಗೆ ಎಂತ ಕಮ್ಮಿ ಮಾಡಿದ್ದೆ ನಾನು? ಹೊಳೆನೇ ತಿರುಗ್ಸಿ ಕೊಟ್ಟಿದ್ದೆ. ಕುಡ್ದು ಬಂದ."

"ಕುಡ್ದದ್ದಲ್ಲ ಮಾವ" ಎಂದೆ. ಎಲ್ಲ ಹೇಳಿದೆ. ದೋಣಿ, ಆಯಿಯ ಜಾಗ, ಹೆಂಗಸರ ಬೊಗಸೆ, ಒಂದೂ ಬಿಡಲಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿಯುತ್ತಿದೆ ಎಂದುಕೊಂಡೆ.

ಹೊದಿಕೆಯ ಮೇಲಿದ್ದ ಮಾವನ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಅಷ್ಟಮಿ. ಬೆಳಿಗ್ಗೆಯ ಇಳಿತ. ಹತ್ತು ಗಂಟೆ. ಹೊಳೆದಂಡೆಯ ಮನುಷ್ಯ, ಲೆಕ್ಕ ತಪ್ಪುವುದು ಹೇಗೆ? ಬೆರಳು ನಿಂತಿತು. ಮುಖದಲ್ಲಿ ಉಳಿದಿದ್ದ ಸ್ವಲ್ಪ ರಕ್ತವೂ ಇಳಿದುಹೋಯಿತು.

"ಸಂಜೆಗೇ ಇತ್ತಲ್ಲೇ ಪಂದ್ಯ" ಎಂದರು. "ಸಂಜೆಗೇ ಬಿಟ್ಟಿದ್ರೆ ಕಾಲು ಸೋತಿದ್ರೂ ಶುರುವಿಂದ ಆಡ್ತಿದ್ದ. ಗೋವಾದವ್ರು ಕೂತು ನೋಡ್ತಿದ್ರು. ಮುಂಜಾನೆಗೆ ಹಾಕ್ಸಿದಂವ ನಾನು..."

ಆಗ ನನಗೆ ತಿಳಿಯಿತು, ನಾನು ಹೇಳಿದ್ದು ಏನೆಂದು. ಅವರ ಕೈ ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಆ ಮೈಯಲ್ಲಿ ಎಲ್ಲಿತ್ತೋ.

"ಕುಡ್ದೇ ಬಂದಿದ್ದ ಅನ್ನು ಮಗಾ. ನಂಗೆ ಇನ್ನೆಷ್ಟು ದಿನ ಅದೆ... ಕುಡ್ದಿದ್ದ ಅನ್ನು."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಸತ್ತವನೂ ನಮ್ಮವನೇ, ಮಂಚದ ಮೇಲಿದ್ದವರೂ ನಮ್ಮವರೇ. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹೇಳಿದೆ.

"ಹೌದು ಮಾವ. ಕುಡ್ದಿದ್ದ."